ಮಾನಿಯ ಗೋಪುರಗಳು, ಮಾನಿಯ ಅಳುವ ಹಾಡುಗಳು

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ‘ಮಾನಿ’ ಎಂದರೆ ಮಾನವುಳ್ಳವನು, ಮಾನಕ್ಕಾಗಿ ಪ್ರಾಣ ಕೊಡಬಲ್ಲವನು. ಇವತ್ತು ನಾನು ಮಾತನಾಡುವ ಮಾನಿ ಗ್ರೀಸ್ ದೇಶದ ಒಂದು ಸೀಮೆ. ಹೆಸರು ಕೂಡಿಬಂದದ್ದು ಕೇವಲ ಆಕಸ್ಮಿಕ, ಎರಡು ಭಾಷೆಗಳ ನಡುವೆ ಇಲ್ಲಿ ಯಾವ ನಂಟೂ ಇಲ್ಲ. ಆದರೂ ಈ ಸೀಮೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ನಮ್ಮ ಕಿವಿಗೆ ಕೇಳುವ ಅರ್ಥವೇ ಮತ್ತೆ ಮತ್ತೆ ಎದುರಾಗುತ್ತದೆ. ಮಾನದ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಟ್ಟ ಜನ ಮೆಡಿಟರೇನಿಯನ್ ತೀರದಲ್ಲಿ ವಿರಳ. ಆ ಲೆಕ್ಕವನ್ನು ತೀರಿಸಿದವರು ಯಾರು ಎಂಬುದೇ ನನ್ನ ಇಂದಿನ ಮಾತಿನ ಎಳೆ.

ಮೊದಲು ನೆಲ ಎಲ್ಲಿದೆ ಎಂದು ನೋಡೋಣ. ಗ್ರೀಸಿನ ನಕ್ಷೆಯ ಕೆಳಭಾಗದಲ್ಲಿ ಪೆಲೊಪೊನೀಸ್ ಎಂಬ ದೊಡ್ಡ ಭೂಭಾಗವಿದೆ. ಅದರ ದಕ್ಷಿಣದ ಅಂಚು ಬೆರಳುಗಳಂತೆ ಸಮುದ್ರಕ್ಕೆ ಚಾಚಿಕೊಂಡಿದೆ. ನಡುಬೆರಳೇ ಮಾನಿ. ಪಶ್ಚಿಮಕ್ಕೆ ಮೆಸ್ಸೀನಿಯಾ ಕೊಲ್ಲಿ, ಪೂರ್ವಕ್ಕೆ ಲಕೋನಿಯಾ ಕೊಲ್ಲಿ. 2,400 ಮೀಟರ್ ಮೀರಿದ ತಾಯ್ಗೆಟಸ್ ಪರ್ವತಶ್ರೇಣಿ ಉತ್ತರದಿಂದ ಇಳಿದು ಬಂದು, ಈ ಬೆರಳಿನ ಮೂಳೆಯಾಗಿ, ತೈನಾರೋನ್ ಎಂಬ ಭೂಶಿರದಲ್ಲಿ ಕಡಲಿಗೆ ಮುಗಿಯುತ್ತದೆ. ಮತಾಪಾನ್ ಎಂಬುದೂ ಅದರದೇ ಇನ್ನೊಂದು ಹೆಸರು. ಗ್ರೀಸಿನ ಮುಖ್ಯ ಭೂಮಿಯ ತೀರಾ ದಕ್ಷಿಣದ ತುದಿ ಅದು.

ಉತ್ತರದ ಮಾನಿಯಲ್ಲಿ ಕಣಿವೆಗಳಿವೆ, ಮರಗಳಿವೆ. ದಕ್ಷಿಣದ್ದು ‘ಮೆಸಾ ಮಾನಿ’, ಅಂದರೆ ಒಳಮಾನಿ. ಅಲ್ಲಿ ಕಾಣುವುದು ಕಲ್ಲು. ಸುಣ್ಣಕಲ್ಲಿನ ಬೆಟ್ಟವಾದ್ದರಿಂದ ಮಳೆ ಬಿದ್ದ ನೀರು ನಿಲ್ಲುವುದಿಲ್ಲ, ಬಿರುಕುಗಳಲ್ಲಿ ಇಳಿದು ನೆಲದಡಿಯ ಗವಿಗಳನ್ನು ಸೇರಿಬಿಡುತ್ತದೆ. ದೀರೋಸ್ ಎಂಬಲ್ಲಿ ಇಂದು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಗವಿ ಅಂಥದ್ದೇ. ಕಾಲ ಕೆಳಗೆ ಹೊಳೆಯಷ್ಟು ನೀರಿದೆ, ಆದರೆ ಅದು ಸಮುದ್ರದ ಉಪ್ಪು ಬೆರೆತ ನೀರು. ಮೇಲೆ ಕೊಡ ತುಂಬಿಸಲು ಒಂದು ತೊರೆಯೂ ಇಲ್ಲ. ಮನೆಮನೆಯಲ್ಲಿ ಮಳೆನೀರಿನ ತೊಟ್ಟಿ ಕಟ್ಟಿ, ಚಳಿಗಾಲದಲ್ಲಿ ತುಂಬಿಸಿ, ಬೇಸಗೆಯನ್ನೆಲ್ಲ ಅದರಲ್ಲೇ ಕಳೆಯಬೇಕಿತ್ತು.

ಇಂಥ ನೆಲದಲ್ಲಿ ಬೆಳೆಯುವುದಾದರೂ ಏನು? ಹೊಲದಿಂದ ಕಲ್ಲು ಹೆಕ್ಕಿ, ಆ ಕಲ್ಲಿನಿಂದಲೇ ಗಾರೆಯಿಲ್ಲದ ಒಣಗೋಡೆ ಕಟ್ಟಿ, ಗೋಡೆಯ ಹಿಂದೆ ನಿಂತ ಒಂದಿಷ್ಟು ಮಣ್ಣಿನಲ್ಲಿ ಬಾರ್ಲಿ ಬಿತ್ತುತ್ತಿದ್ದರು. ಲೂಪಿನ್ ಎಂಬ ಕಹಿ ಕಾಳು ಬೆಳೆಯುತ್ತಿದ್ದರು. ಕಹಿ ಬಿಡಲೆಂದು ಅದನ್ನು ಸಮುದ್ರದ ನೀರಿನಲ್ಲಿ ದಿನಗಟ್ಟಲೆ ನೆನೆಸಬೇಕು. ದಡದ ಬಂಡೆಗಳ ಕುಳಿಗಳಲ್ಲಿ ಬಿಸಿಲಿಗೆ ಒಣಗಿ ನಿಂತ ಉಪ್ಪನ್ನು ಕೆರೆದು ತರುತ್ತಿದ್ದರು. ಬೇಸಗೆಯ ಕೊನೆಗೆ ಆಫ್ರಿಕಾದತ್ತ ಹಾರುವ ಲಾವಕ್ಕಿಗಳು ಇಲ್ಲಿ ದಣಿದು ಇಳಿಯುತ್ತವೆ. ಅವುಗಳನ್ನು ಬಲೆ ಹಾಕಿ ಹಿಡಿದು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ತುದಿಯ ಬಳಿಯ ಒಂದು ಬಂದರಿಗೆ ‘ಪೋರ್ತೋ ಕಾಯೋ’ ಎಂದು ಹೆಸರು ಬಂದದ್ದೇ ಹಾಗೆ, ಅಂದರೆ ಲಾವಕ್ಕಿಗಳ ಬಂದರು. ಮತ್ತೆ ಎಲ್ಲೆಲ್ಲೂ ಆಲಿವ್ ಮರ. ಹತ್ತನೆಯ ಶತಮಾನದ ಬೈಜಾಂಟಿಯಮ್ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ತನ್ನ ಮಗನಿಗಾಗಿ ಬರೆದಿಟ್ಟ ರಾಜ್ಯಾಡಳಿತದ ಟಿಪ್ಪಣಿಯಲ್ಲಿ ಈ ಸೀಮೆಯ ಬಗ್ಗೆ ಕೆಲವೇ ಸಾಲು ಬರೆದಿದ್ದಾನೆ: ಅಲ್ಲಿ ನೀರಿಲ್ಲ, ಹೋಗಲು ದಾರಿಯಿಲ್ಲ, ಆದರೆ ಆಲಿವ್ ಬೆಳೆಯುತ್ತದೆ, ಅದೇ ಅವರ ಆಸರೆ. ಸಾವಿರ ವರ್ಷದ ಮೇಲೂ ಒಳಮಾನಿಯನ್ನು ಇದಕ್ಕಿಂತ ಅಡಕವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಅದೇ ಚಕ್ರವರ್ತಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಮಾನಿಯವರು ಕ್ರೈಸ್ತರಾದದ್ದು ತನ್ನ ಅಜ್ಜ ಮೊದಲನೆಯ ಬೆಸಿಲ್‌ನ ಕಾಲದಲ್ಲಿ, ಅಂದರೆ 867ರಿಂದ 886ರ ನಡುವೆ. ಉಳಿದ ಸಾಮ್ರಾಜ್ಯ ಕ್ರೈಸ್ತವಾಗಿ ಐದು ಶತಮಾನಗಳೇ ಆಗಿದ್ದವು. ಅಲ್ಲಿಯ ತನಕ ಇವರು ಹಳೆಯ ದೇವರುಗಳನ್ನೇ ಪೂಜಿಸುತ್ತಿದ್ದರಂತೆ. ಹೊಸ ಧರ್ಮ ತಡವಾಗಿ ಬಂದರೂ ಗಟ್ಟಿಯಾಗಿ ನೆಲೆಯೂರಿತು. ಒಳಮಾನಿಯ ಹೊಲಗಳ ನಡುವೆ ಇಂದಿಗೂ ಕೈಗೆಟಕುವಷ್ಟು ಸಣ್ಣ ಸಣ್ಣ ಚರ್ಚುಗಳು ನಿಂತಿವೆ. ಒಳಗೆ ಹೊಗೆ ಹಿಡಿದ ಭಿತ್ತಿಚಿತ್ರಗಳಿವೆ. ಕಮಾನು ಬಿರಿಯದಂತೆ ಅಡ್ಡಲಾಗಿ ಇಟ್ಟ ಅಮೃತಶಿಲೆಯ ತೊಲೆಗಳ ಮೇಲೆ ನಿಕೇತಾಸ್ ಎಂಬ ಶಿಲ್ಪಿಯ ಕೆತ್ತನೆ ಇದೆ. ವಾಂವಕಾ ಎಂಬ ಹಳ್ಳಿಯ ಚರ್ಚಿನಲ್ಲಿ ಅವನ ಹೆಸರಿನ ಜೊತೆ 1075 ಎಂಬ ವರ್ಷವೂ ಸಿಗುತ್ತದೆ. ಹನ್ನೊಂದನೆಯ ಶತಮಾನದ ಒಬ್ಬ ಹಳ್ಳಿಯ ಶಿಲ್ಪಿ ತನ್ನ ಹೆಸರನ್ನು ಕೆತ್ತಿಟ್ಟಿದ್ದಾನೆ ಎಂಬುದು ನನಗೆ ತುಂಬಾ ಆಪ್ತವೆನಿಸುವ ವಿಷಯ.

ಇನ್ನೂ ಹಳೆಯ ಕಾಲದ ಬಗ್ಗೆ ಹೇಳಹೊರಟರೆ ರಾತ್ರಿ ಸಾಲದು. ಎರಡು ಮಾತು ಮಾತ್ರ ಹೇಳುತ್ತೇನೆ. ಮಾನಿಯ ಪಶ್ಚಿಮ ದಡದ ಅಪಿದಿಮಾ ಗವಿಯಲ್ಲಿ 1970ರ ದಶಕದ ಕೊನೆಗೆ ಎರಡು ತಲೆಬುರುಡೆಗಳ ಚೂರುಗಳು ಸಿಕ್ಕಿದ್ದವು. 2019ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಲ್ಲಿ ಒಂದು ನಮ್ಮದೇ ಜಾತಿಯ ಮನುಷ್ಯನದು, ಸುಮಾರು 2,10,000 ವರ್ಷ ಹಳೆಯದು ಎಂದಿತು. ಈ ಮಾತನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಿಜವಾದರೆ ಆಫ್ರಿಕಾದ ಹೊರಗೆ ಸಿಕ್ಕ ಅತಿ ಹಳೆಯ ಹೋಮೋ ಸೇಪಿಯನ್ಸ್ ಅದೇ. ಎರಡನೆಯದು ತೈನಾರೋನ್. ಪ್ರಾಚೀನ ಗ್ರೀಕರಿಗೆ ಅಲ್ಲಿನ ಗವಿ ಪಾತಾಳಲೋಕದ ಬಾಗಿಲು. ಹೆರಾಕ್ಲಿಸ್ ಮೂರು ತಲೆಯ ನಾಯಿಯನ್ನು ಎಳೆದು ತಂದದ್ದು ಆ ದಾರಿಯಲ್ಲೇ ಎಂದು ಕತೆ. ಅಲ್ಲಿದ್ದ ಪೊಸೈಡಾನ್ ದೇವರ ಗುಡಿಯಲ್ಲಿ ಆಶ್ರಯ ಬೇಡಿದವರನ್ನು ಮುಟ್ಟುವಂತಿರಲಿಲ್ಲ. ಸ್ಪಾರ್ಟಾದವರು ಅಲ್ಲಿ ಮೊರೆಹೊಕ್ಕಿದ್ದ ಜೀತದ ಹೆಲಟ್ ಜನರನ್ನು ಎಳೆದು ಕೊಂದರು. ಕ್ರಿಸ್ತಪೂರ್ವ 464ರ ಸುಮಾರಿಗೆ ಸ್ಪಾರ್ಟಾವನ್ನು ನೆಲಸಮ ಮಾಡಿದ ಭೂಕಂಪ ಆ ಪಾಪದ ಫಲ ಎಂದು ಜನ ನಂಬಿದರು. ಸಾವಿನ ಬಾಗಿಲೂ ಅಭಯದ ಬಾಗಿಲೂ ಒಂದೇ ಬಂಡೆಯ ಮೇಲೆ ಇದ್ದವು.

ಈಗ ಗೋಪುರಗಳ ವಿಷಯಕ್ಕೆ ಬರುತ್ತೇನೆ.

1460ರಲ್ಲಿ ಮಿಸ್ಟ್ರಾಸ್ ನಗರ ಆಟೊಮನ್ ತುರ್ಕರ ಕೈಸೇರಿದ ಮೇಲೆ ಪೆಲೊಪೊನೀಸ್ ಬಹುಪಾಲು ಅವರದಾಯಿತು. ಮಾನಿಯನ್ನು ಮಾತ್ರ ಅವರು ಪೂರ್ತಿಯಾಗಿ ಹಿಡಿತಕ್ಕೆ ತಂದುಕೊಳ್ಳಲಾಗಲಿಲ್ಲ. ಕೇಲೆಫಾದಲ್ಲಿ ಕೋಟೆ ಕಟ್ಟಿದರು, ಮತ್ತೆ ಮತ್ತೆ ಸೈನ್ಯ ಕಳಿಸಿದರು. ಮಾನಿಯವರ ಶೌರ್ಯ ಇದಕ್ಕೆ ಕಾರಣವೆಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಬಡತನವೂ ಅಷ್ಟೇ ದೊಡ್ಡ ಕಾರಣ. ಒಂದು ದಂಡನ್ನು ಸಾಕುವಷ್ಟು ನೀರು, ಧಾನ್ಯ ಅಲ್ಲಿ ಇರಲಿಲ್ಲ. ಗೆದ್ದರೂ ವಸೂಲಿಯಾಗುವ ಕಂದಾಯ ಗೆಲ್ಲುವ ಖರ್ಚಿಗೆ ಸಾಲುತ್ತಿರಲಿಲ್ಲ. ಕೊನೆಗೆ 1776ರಿಂದ ಸುಲ್ತಾನನು ಮಾನಿಯವರಲ್ಲೇ ಒಬ್ಬನಿಗೆ ‘ಬೆಯ್’ ಪದವಿ ಕೊಟ್ಟು ಅವನ ಮೂಲಕ ಹೆಸರಿಗಷ್ಟೇ ಕಪ್ಪ ಪಡೆಯುವ ಏರ್ಪಾಟಿಗೆ ಒಪ್ಪಿಕೊಂಡ. 1821ರ ತನಕ ಎಂಟು ಮಂದಿ ಬೆಯ್‌ಗಳಾದರು.

ಈ ಸ್ವಾತಂತ್ರ್ಯದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಅನೇಕರು ಕಡಲ್ಗಳ್ಳತನಕ್ಕೆ ಇಳಿದರು. ಓಯ್ತಿಲೋ ಎಂಬ ಊರು ಗುಲಾಮರ ಮಾರಾಟಕ್ಕೆ ಹೆಸರಾಗಿ ‘ದೊಡ್ಡ ಅಲ್ಜೀರ್ಸ್’ ಎಂಬ ಅಡ್ಡಹೆಸರು ಪಡೆಯಿತು. ಮಾನಿಯನ್ನು ಕೊಂಡಾಡುವವರು ಈ ಭಾಗವನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಾನು ಹಾರಿಸಲಾರೆ, ಆ ಸಂತೆಯಲ್ಲಿ ಮಾರಾಟವಾದವರಿಗೂ ಮನೆಯಿತ್ತು. ಅದೇ ಓಯ್ತಿಲೋದಿಂದ 1675ರಲ್ಲಿ ಸ್ತೆಫಾನೊಪುಲೋಸ್ ಮನೆತನದವರ ಹಿಂದೆ ನೂರಾರು ಜನ ಹಡಗು ಹತ್ತಿದರು. ಜಿನೋವಾ ಗಣರಾಜ್ಯ ಅವರಿಗೆ ಕಾರ್ಸಿಕಾ ದ್ವೀಪದಲ್ಲಿ ನೆಲ ಕೊಟ್ಟಿತು. ಅವರ ವಂಶದವರು ನೆಲೆಸಿದ ಕಾರ್ಜೆಸ್ ಎಂಬ ಊರಿನಲ್ಲಿ ಇಂದಿಗೂ ಗ್ರೀಕ್ ಚರ್ಚು ಮತ್ತು ಲ್ಯಾಟಿನ್ ಚರ್ಚು ಎದುರು ಬದುರಾಗಿ ನಿಂತಿವೆ.

ಊರಲ್ಲೇ ಉಳಿದವರು ಗೋಪುರ ಕಟ್ಟಿದರು. ಹೊರಗಿನ ಶತ್ರುವಿಗಾಗಿ ಕಟ್ಟಿದ್ದು ಎಂದು ದೂರದಿಂದ ನೋಡಿದವರಿಗೆ ಅನ್ನಿಸುತ್ತದೆ. ವಾಥಿಯಾ ಅಥವಾ ಕೀತಾ ಎಂಬ ಹಳ್ಳಿಯ ನಡುವೆ ನಿಂತು ನೋಡಿದರೆ ವಿಷಯ ತಿಳಿಯುತ್ತದೆ: ಗೋಪುರಗಳ ಬಂದೂಕಿನ ಕಂಡಿಗಳು ಒಂದನ್ನೊಂದು ದಿಟ್ಟಿಸುತ್ತಿವೆ. ಚೌಕಾಕಾರದ ಕಟ್ಟಡ, ಮೂರೋ ನಾಲ್ಕೋ ಅಂತಸ್ತು, ಅಂತಸ್ತಿಗೆ ಒಂದೇ ಕೋಣೆ. ಮೆಟ್ಟಿಲಿಲ್ಲ, ಅಟ್ಟದ ಬಾಯಿಗೆ ಏಣಿ ಇಟ್ಟು ಹತ್ತಿ, ಹತ್ತಿದ ಮೇಲೆ ಏಣಿಯನ್ನು ಎಳೆದುಕೊಂಡು ಬಾಯಿ ಮುಚ್ಚಬೇಕು. ಎಲ್ಲರೂ ಎಲ್ಲ ಎತ್ತರಕ್ಕೆ ಕಟ್ಟುವಂತಿರಲಿಲ್ಲ. ಊರಿನಲ್ಲಿ ಬಲಿಷ್ಠ ಮನೆತನಗಳಿಗೆ ‘ನಿಕ್ಲಿಯಾನಿ’ ಎಂದು ಹೆಸರು. ಗೋಪುರ ಅವರ ಹಕ್ಕು. ಉಳಿದವರು ‘ಅಖಮ್ನಿ’, ಅವರ ಮನೆ ತಗ್ಗಿನಲ್ಲಿ ತಗ್ಗಾಗಿಯೇ ಇರಬೇಕು. ನೆರೆಯವನ ಗೋಪುರ ಒಂದು ಮೊಳ ಎತ್ತರವಾಯಿತೆಂದರೆ ಅವನು ನಿಮ್ಮ ಛಾವಣಿಯ ಮೇಲೆ ಬಂಡೆ ಉರುಳಿಸಬಲ್ಲ ಎಂದರ್ಥ. ಹಾಗಾಗಿ ಎತ್ತರವೇ ಜಗಳಕ್ಕೆ ಕಾರಣ, ಜಗಳವೇ ಎತ್ತರಕ್ಕೆ ಕಾರಣ.

ಸೇಡಿಗೂ ಅಲ್ಲಿ ಒಂದು ಕ್ರಮವಿತ್ತು. ಮನೆತನದ ಹಿರಿಯರು ಕೂಡಿ ನಿರ್ಧರಿಸುತ್ತಿದ್ದರು. ಚರ್ಚಿನ ಗಂಟೆ ಬಾರಿಸಿ ಹಗೆಯನ್ನು ಸಾರುತ್ತಿದ್ದರು. ಎದುರು ಮನೆತನದಲ್ಲಿ ಯಾರನ್ನು ಹೊಡೆಯಬೇಕು? ತಪ್ಪು ಮಾಡಿದವನನ್ನೇ ಎಂದಿಲ್ಲ. ಯಾರು ಸತ್ತರೆ ಆ ಮನೆಗೆ ಹೆಚ್ಚು ನಷ್ಟವೋ ಅಂಥ ಕೈಗೆ ಬಂದ ಮಗನನ್ನು. ಬಿತ್ತನೆ, ಕೊಯ್ಲು, ಆಲಿವ್ ಕೀಳುವ ಕಾಲ ಬಂದಾಗ ‘ತ್ರೇವಾ’ ಎಂಬ ಒಪ್ಪಂದದ ಕದನವಿರಾಮ. ಅದು ಮುಗಿದ ಮೇಲೆ ಮತ್ತೆ ಗುಂಡು. ಒಂದು ಕಡೆಯವರು ಪೂರ್ತಿ ಸೋತರೆ ‘ಪ್ಸಿಹಿಕೋ’. ಅವರು ಆಯುಧವಿಲ್ಲದೆ, ತಲೆ ಬಾಗಿಸಿ ಹೊರಗೆ ಬಂದು, ತಾವು ಕೊಂದವನ ತಂದೆತಾಯಿಯ ಕೈಗೆ ಮುತ್ತಿಟ್ಟು ಕ್ಷಮೆ ಕೇಳಬೇಕು. ಇಲ್ಲವೇ ಊರು ಬಿಡಬೇಕು.

ಈ ಯುದ್ಧಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತಿದ್ದವು. ಗಂಡಸರು ಗೋಪುರದೊಳಗೆ ಕೂತರೆ ಹೊಲಕ್ಕೆ ಯಾರು ಹೋಗುತ್ತಿದ್ದರು? ಒಲೆಗೆ ಕಟ್ಟಿಗೆ, ತೊಟ್ಟಿಯಿಂದ ನೀರು, ದಡದಿಂದ ಉಪ್ಪು ಯಾರು ತರುತ್ತಿದ್ದರು? ಮಾನಿಯ ನಿಯಮದಲ್ಲಿ ಹೆಂಗಸರ ಮೇಲೆ ಗುಂಡು ಹಾರಿಸುವಂತಿರಲಿಲ್ಲ. ಇದನ್ನು ಹೆಣ್ಣಿಗೆ ಕೊಟ್ಟ ಗೌರವ ಎಂದು ಹೊಗಳುವವರಿದ್ದಾರೆ. ನಾನು ಅದನ್ನು ಹಾಗೆ ಓದಲಾರೆ. ಗುಂಡಿನ ಮಳೆಯ ನಡುವೆ ಬೆನ್ನ ಮೇಲೆ ಹೊರೆ ಹೊತ್ತು ಓಡಾಡುವ ಕೆಲಸವೆಲ್ಲ ಅವರ ಪಾಲಿಗೆ ಬಂದದ್ದು ಆ ನಿಯಮದಿಂದಲೇ. ಉಳುವವರು ಅವರು, ಕೊಯ್ಯುವವರು ಅವರು, ಗೋಪುರಕ್ಕೆ ರೊಟ್ಟಿಯನ್ನೂ ಮದ್ದುಗುಂಡನ್ನೂ ತಲುಪಿಸುವವರು ಅವರು. ಗಂಡುಮಕ್ಕಳನ್ನು ಮಾನಿಯಲ್ಲಿ ‘ಬಂದೂಕು’ ಎಂದೇ ಕರೆಯುತ್ತಿದ್ದರು. ಮನೆಯ ಬಲವನ್ನು ಇಷ್ಟು ಬಂದೂಕು ಎಂದು ಎಣಿಸುತ್ತಿದ್ದರು. ಆ ಬಂದೂಕುಗಳನ್ನು ಹೆತ್ತವರು ಎಣಿಕೆಯಲ್ಲಿ ಇರಲಿಲ್ಲ.

ಆದರೆ ಒಂದು ಜಾಗದಲ್ಲಿ ಹೆಣ್ಣಿನ ಮಾತೇ ಕೊನೆಯ ಮಾತು. ಅದು ಹೆಣದ ಮುಂದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವುದನ್ನು ನೀವು ಕೇಳಿರಬಹುದು. ಮಾನಿಯ ‘ಮಿರೊಲೋಯಿ’ ಎಂಬ ಅಳುವ ಹಾಡನ್ನು ಅರಿಯಲು ಆ ನೆನಪು ಸಹಾಯಕ್ಕೆ ಬರುತ್ತದೆ. ಹೆಣವನ್ನು ನಡುವೆ ಇಟ್ಟು ಹೆಂಗಸರು ಸುತ್ತ ಕೂರುತ್ತಾರೆ. ತಲೆವಸ್ತ್ರ ಸಡಿಲವಾಗುತ್ತದೆ, ಕೂದಲು ಬಿಚ್ಚುತ್ತದೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಬಿಕ್ಕಿನಿಂದ, ಕೂಗಿನಿಂದ, ಸಾಲಿನ ತುದಿಯನ್ನು ಹಿಡಿದುಕೊಂಡು ಉತ್ತರ ಕೊಡುತ್ತಾರೆ. ಆಮೇಲೆ ಹಾಡು ಇನ್ನೊಬ್ಬಳ ಕೈಗೆ ದಾಟುತ್ತದೆ. ಗ್ರೀಸಿನ ಉಳಿದ ಜನಪದ ಹಾಡುಗಳು ಬಹುಮಟ್ಟಿಗೆ ಹದಿನೈದು ಅಕ್ಷರದ ಸಾಲಿನವು, ನಿಧಾನವಾಗಿ ಬಾಗಿ ಬಳುಕುವಂಥವು. ಮಾನಿಯ ಅಳುವ ಹಾಡಿನ ಸಾಲಿಗೆ ಎಂಟೇ ಅಕ್ಷರ. ಉಸಿರು ಎಷ್ಟೋ ಸಾಲು ಅಷ್ಟು. ಒಂದಾದ ಮೇಲೊಂದು ಬರುವ ಆ ಗಿಡ್ಡ ಸಾಲುಗಳಿಗೆ ಕಲ್ಲು ಕುಟ್ಟುವ ಲಯವಿದೆ.

ಅದರಲ್ಲಿ ಅಳು ಮಾತ್ರ ಇರುವುದಿಲ್ಲ. ಸತ್ತವನು ಯಾರು, ಯಾವ ಹೊಲದ ಯಾವ ಗಡಿಗೆ ಜಗಳವಾಯಿತು, ಯಾರು ಹೊಂಚು ಹಾಕಿದರು, ಅಣ್ಣತಮ್ಮಂದಿರಲ್ಲಿ ಯಾರು ಹಿಂಜರಿದರು ಎಲ್ಲವೂ ಹೆಸರು ಹಿಡಿದು ಬರುತ್ತದೆ. ಸೇಡು ತೀರಿಸದ ತಮ್ಮನನ್ನು ಅಕ್ಕ ಊರೆದುರು ಹಂಗಿಸುತ್ತಾಳೆ. ಹಳೆಯ ಹಗೆಗಳು ತಣ್ಣಗಾಗದಂತೆ ಕಾದವು ಇವೇ ಹಾಡುಗಳು ಎಂಬುದನ್ನೂ ಹೇಳಬೇಕು. ಈ ಹೆಂಗಸರನ್ನು ಬರೀ ನೊಂದವರೆಂದು ಚಿತ್ರಿಸಿದರೆ ಅವರಿಗೆ ಅನ್ಯಾಯವಾದೀತು. ಅವರು ಸಾಕ್ಷಿಗಳು, ವಕೀಲರು, ಎಷ್ಟೋ ಸಲ ತೀರ್ಪು ಕೊಟ್ಟವರು. ಆ ಮನೆತನಗಳ ಚರಿತ್ರೆಯಲ್ಲಿ ಕಾಗದದ ಮೇಲೆ ಉಳಿದದ್ದಕ್ಕಿಂತ ಹೆಚ್ಚಿನದು ಉಳಿದದ್ದು ಈ ಬಾಯಿಗಳಲ್ಲಿ. ಪಾದ್ರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. ಪುನರುತ್ಥಾನ ನಂಬಿದವರು ಹೀಗೆ ಅಳಬಾರದು ಎಂದು ಚರ್ಚು ಶತಮಾನಗಳಿಂದ ಹೇಳುತ್ತಲೇ ಬಂದಿತ್ತು. ಹೆಂಗಸರು ನಿಲ್ಲಿಸಲಿಲ್ಲ.

ತುರ್ಕರ ವಿರುದ್ಧದ ಗ್ರೀಕ್ ಸ್ವಾತಂತ್ರ್ಯ ಸಮರದಲ್ಲಿ ಮಾನಿಯ ಪಾಲು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು, ನಾನು ಬೇಗ ಹೇಳುತ್ತೇನೆ. ಅಂದಿನ ಹಳೆಯ ಪಂಚಾಂಗದಂತೆ 1821ರ ಮಾರ್ಚ್ 17ರಂದು ಇಂದಿನ ಅರಿಯೋಪೊಲಿಯ ಚರ್ಚಿನ ಮುಂದೆ ಬಾವುಟ ಏರಿತು. ಆ ಬಾವುಟದ ಮೇಲೆ ಉಳಿದ ಗ್ರೀಕರಂತೆ ‘ಸ್ವಾತಂತ್ರ್ಯ ಅಥವಾ ಮರಣ’ ಎಂದಿರಲಿಲ್ಲ, ‘ವಿಜಯ ಅಥವಾ ಮರಣ’ ಎಂದಿತ್ತು. ಸ್ವಾತಂತ್ರ್ಯ ತಮಗೆ ಮೊದಲಿನಿಂದಲೂ ಇದೆ ಎಂಬುದು ಅವರ ನಿಲುವು. ಜೊತೆಗೆ ಸ್ಪಾರ್ಟಾದ ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದರೆನ್ನುವ ಮಾತು: ಗುರಾಣಿ ಹಿಡಿದು ಬಾ, ಇಲ್ಲವೇ ಗುರಾಣಿಯ ಮೇಲೆ ಬಾ. ಕೊನೆಯ ಬೆಯ್ ಆಗಿದ್ದ ಪೆತ್ರೊಬೆಯ್ ಮಾವ್ರೊಮಿಖಾಲಿಸ್ ಇದರ ನಾಯಕ. ಮಾರ್ಚ್ 23ಕ್ಕೆ ಕಲಮಾತಾ ನಗರ ಅವರದಾಯಿತು. ಮುಂದಿನ ವರ್ಷವೇ ಅವನ ಮಗ ಇಲಿಯಾಸ್ ಮತ್ತು ತಮ್ಮ ಕಿರಿಯಾಕೂಲಿಸ್ ಯುದ್ಧದಲ್ಲಿ ಸತ್ತರು.

1826ರ ಜೂನ್‌ನಲ್ಲಿ ತುರ್ಕರ ಪರವಾಗಿ ಈಜಿಪ್ಟಿನ ಇಬ್ರಾಹಿಂ ಪಾಷಾನ ಸೈನ್ಯ ಮಾನಿಯ ಬಾಗಿಲಿಗೆ ಬಂತು. ಗಂಡಸರೆಲ್ಲ ಉತ್ತರದ ವೆರ್ಗಾ ಎಂಬಲ್ಲಿ ಕಲ್ಲಿನ ಗೋಡೆಯ ಹಿಂದೆ ಅವನನ್ನು ತಡೆದು ನಿಂತಿದ್ದರು. ಪಾಷಾ ಇದನ್ನು ಲೆಕ್ಕಹಾಕಿ, ಸುಮಾರು 1,500 ಸೈನಿಕರನ್ನು ಹಡಗಿನಲ್ಲಿ ದೀರೋಸ್ ಕೊಲ್ಲಿಗೆ ಕಳಿಸಿದ, ಬೆನ್ನಿಗೆ ಹೊಡೆಯಲು. ಅದು ಕೊಯ್ಲಿನ ಕಾಲ. ಹೊಲದಲ್ಲಿದ್ದವರು ಹೆಂಗಸರು ಮತ್ತು ಮುದುಕರು, ಕೈಯಲ್ಲಿದ್ದದ್ದು ಕುಡುಗೋಲು. ಅವರು ಅದನ್ನೇ ಹಿಡಿದು ದಡಕ್ಕೆ ಇಳಿದರು, ಬಂದವರನ್ನು ಸಮುದ್ರಕ್ಕೆ ಅಟ್ಟಿದರು. ಈ ಘಟನೆಯನ್ನು ಪವಾಡವೆಂಬಂತೆ ಹೇಳುವುದುಂಟು. ನನಗೆ ಅದರಲ್ಲಿ ಪವಾಡ ಕಾಣುವುದಿಲ್ಲ. ಗುಂಡು ಹಾರುವ ಬಯಲಿನಲ್ಲಿ ಕೆಲಸ ಮಾಡುವುದು ಅವರಿಗೆ ಹೊಸದಾಗಿರಲಿಲ್ಲ, ತಲೆಮಾರುಗಳಿಂದ ಅವರು ಮಾಡಿಕೊಂಡು ಬಂದದ್ದು ಅದನ್ನೇ.

ಮುಂದೆ ನಡೆದದ್ದು ನೋವಿನ ಕತೆ. ಹೊಸ ಗ್ರೀಸಿನ ಮೊದಲ ಆಡಳಿತಗಾರ ಯೋಆನಿಸ್ ಕಪೊಡಿಸ್ಟ್ರಿಯಾಸ್ ಒಂದೇ ಕಾನೂನು, ಒಂದೇ ಖಜಾನೆ ಇರುವ ರಾಜ್ಯ ಕಟ್ಟಲು ಹೊರಟಿದ್ದರು. ಮಾನಿಗೆ ಅದು ಒಗ್ಗಲಿಲ್ಲ. ಜಗಳ ಬೆಳೆದು ಪೆತ್ರೊಬೆಯ್ ಸೆರೆಯಾದ. ಮನೆತನದ ಹಿರಿಯನನ್ನು ಕೂಡಿಹಾಕುವುದು ರಾಜ್ಯದ ದೃಷ್ಟಿಯಲ್ಲಿ ಶಿಕ್ಷೆ, ಮಾನಿಯ ದೃಷ್ಟಿಯಲ್ಲಿ ಮಾನಭಂಗ. 1831ರ ಸೆಪ್ಟೆಂಬರ್ 27ರ ಬೆಳಗ್ಗೆ ನಾಫ್ಲಿಯೋ ನಗರದ ಸಂತ ಸ್ಪಿರಿಡಾನ್ ಚರ್ಚಿನ ಬಾಗಿಲಲ್ಲಿ ಪೆತ್ರೊಬೆಯ್‌ನ ತಮ್ಮ ಕಾನ್‌ಸ್ಟಂಟೈನ್ ಮತ್ತು ಮಗ ಜಾರ್ಜ್ ಇಬ್ಬರೂ ಸೇರಿ ಕಪೊಡಿಸ್ಟ್ರಿಯಾಸ್ ಅವರನ್ನು ಕೊಂದರು. ತಮ್ಮ ಅಲ್ಲೇ ಸತ್ತ, ಮಗನಿಗೆ ಮರಣದಂಡನೆಯಾಯಿತು. ಒಂದು ದೇಶಕ್ಕೆ ಜನ್ಮ ಕೊಡಲು ಮಕ್ಕಳನ್ನು ಕಳೆದುಕೊಂಡ ಮನೆತನವೇ ಆ ದೇಶದ ಮೊದಲ ಮುಖ್ಯಸ್ಥನನ್ನು ಕೊಂದಿತು. ನಾನು ಕಪೊಡಿಸ್ಟ್ರಿಯಾಸ್ ಅವರ ಪರ. ಅವರ ಆತುರ ತಪ್ಪಿರಬಹುದು, ದಾರಿ ತಪ್ಪಿರಲಿಲ್ಲ.

ಆಮೇಲೆ ಬವೇರಿಯಾದಿಂದ ಬಂದ ಬಾಲರಾಜ ಓಟೋನ ಸರ್ಕಾರ ಗೋಪುರಗಳನ್ನು ಕೆಡವಲು 1834ರಲ್ಲಿ ಸೈನ್ಯ ಕಳಿಸಿತು. ಮಾನಿಯವರು ಆ ಸೈನಿಕರನ್ನು ಸೋಲಿಸಿ, ಬಟ್ಟೆ ಬಿಚ್ಚಿಸಿ ಓಡಿಸಿದರು. ಕೊನೆಗೆ ದಾರಿ ತೆರೆದದ್ದು ಫಿರಂಗಿಯಿಂದಲ್ಲ, ಹಣದಿಂದ ಮತ್ತು ಪಟ್ಟಾಗಿ ಕುಳಿತು ಆಡಿದ ಮಾತಿನಿಂದ. ಫೆಡರ್ ಎಂಬ ಬವೇರಿಯಾದ ಅಧಿಕಾರಿ ಮಾನಿಯವರನ್ನೇ ಸೈನ್ಯಕ್ಕೆ ಸೇರಿಸಿಕೊಂಡು ಅವರ ಬಂದೂಕುಗಳಿಗೆ ಸಂಬಳ ಕೊಟ್ಟ. ಹಗೆ ಅಷ್ಟಕ್ಕೇ ಮುಗಿಯಲಿಲ್ಲ. 1870ರಲ್ಲಿ ಕೀತಾದ ಒಂದು ಸೇಡಿನ ಯುದ್ಧ ನಿಲ್ಲಿಸಲು ಫಿರಂಗಿ ಸಹಿತ ದಂಡು ಬರಬೇಕಾಯಿತು.

ಗೋಪುರಗಳನ್ನು ಖಾಲಿ ಮಾಡಿದ್ದು ಕೊನೆಗೂ ಹೊಟ್ಟೆಪಾಡು. ಇಪ್ಪತ್ತನೆಯ ಶತಮಾನದಲ್ಲಿ ಜನ ಪಿರೇಯಸ್ ಬಂದರಿಗೆ, ಅಥೆನ್ಸಿಗೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಇಂದು ಕೆಲವು ಗೋಪುರಗಳು ವಸತಿಗೃಹಗಳಾಗಿವೆ, ಹಲವು ಛಾವಣಿ ಕಳೆದುಕೊಂಡು ನಿಂತಿವೆ. ಕಲ್ಲಿನ ಒಣಗೋಡೆಗಳು ಬೆಟ್ಟದ ಮೇಲೆ ಇನ್ನೂ ಗೆರೆ ಎಳೆದಂತೆ ಕಾಣುತ್ತವೆ, ಅವುಗಳ ಹಿಂದೆ ಬಿತ್ತುವವರು ಇಲ್ಲ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: “ಆ ಹೆಂಗಸರು ಈಗಲೂ ಹಾಡುತ್ತಾರೆಯೇ ಅಮ್ಮಾ?” ನಾನು ಹೇಳಿದೆ: ಹಾಡುವವರು ತೀರಾ ಕಡಿಮೆ, ಎಲ್ಲರೂ ವಯಸ್ಸಾದವರು. ಅಥೆನ್ಸಿನಲ್ಲಿ ಸತ್ತವರನ್ನು ಎಷ್ಟೋ ಮನೆಯವರು ಇಂದಿಗೂ ಮಾನಿಯ ಹಳ್ಳಿಗೆ ತಂದು ಮಣ್ಣು ಮಾಡುತ್ತಾರೆ. ಅಂಥ ಹೊತ್ತಿನಲ್ಲಿ ಅಜ್ಜಿಯೊಬ್ಬಳು ಎತ್ತಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಸಂಗ್ರಹಕಾರರು ಬರೆದಿಟ್ಟುಕೊಂಡ ಹಾಡುಗಳು ಪುಸ್ತಕಗಳಲ್ಲಿ ಇವೆ. ಅವುಗಳಲ್ಲಿ ಎಂಟೆಂಟು ಅಕ್ಷರದ ಸಾಲುಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಅಚ್ಚಾಗಿವೆ, ಎತ್ತಿಕೊಟ್ಟವಳ ಮಾತು ಪೂರ್ತಿ ಸಿಗುತ್ತದೆ. ಸುತ್ತ ಕೂತವರು ಪ್ರತಿ ಸಾಲಿಗೂ ಕೊಟ್ಟ ಉತ್ತರವನ್ನು ಬಹಳ ಮಂದಿ ಬರೆದುಕೊಳ್ಳಲಿಲ್ಲ.